ಕಾಲರ್ ಬೋನ್ ಸರಿ, ನೆನಪಿಲ್ಲದ ಆ ಒಂದು ಗಂಟೆಯ ಕಥೆ ಏನು?

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದಿಂದ ಹವ್ಯಾಸಕ್ಕೆ ಬೈಕ್ ರೇಸಿಂಗ್ ಕಲಿಯುತ್ತಿದ್ದೇನೆ. ಒಂಬತ್ತು ದಿನದ ಹಿಂದೆ ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ಪ್ರಾಕ್ಟೀಸ್‌ಗೆ ಹೋಗಿದ್ದೆ. ಸಂಜೆಯ ಕೊನೇ ಸೆಷನ್. ಒಂದು ಬಲ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದೆ. ದಿನವಿಡೀ ಬ್ರೇಕ್ ಹಿಡಿದ ಜಾಗದಲ್ಲೇ ಹಿಡಿದಿದ್ದೆ, ಟೈರ್ ಕೈಕೊಟ್ಟಿತು. ಬಲಗಡೆ ಕಾಲರ್ ಬೋನ್ ಮಧ್ಯದಲ್ಲಿ ಮುರಿದಿದೆ. ತುಂಡುಗಳು ಒಂದರ ಮೇಲೊಂದು ಸರಿದು ಸುಮಾರು ಒಂದೂವರೆ ಸೆಂ.ಮೀ. ಗಿಡ್ಡವಾಗಿದೆಯಂತೆ. ಒಬ್ಬ ಡಾಕ್ಟರ್ ಕೈಯನ್ನು ಕೊರಳಿಗೆ ತೂಗುಹಾಕುವ ಸ್ಲಿಂಗ್ ಸಾಕು ಅಂದರು, ಇನ್ನೊಬ್ಬರು ಆಪರೇಷನ್ ಮಾಡಿಸಿ ಲೋಹದ ಪ್ಲೇಟ್ ಹಾಕಿಸಿ ಅಂದರು. ಅಮ್ಮ ಪುತ್ತೂರು ಕಟ್ಟು ಹಾಕಿಸೋಣ ಅನ್ನುತ್ತಾರೆ. ಮೋಟೋಜಿಪಿ (ಬೈಕ್ ರೇಸಿಂಗ್‌ನ ವಿಶ್ವ ಚಾಂಪಿಯನ್‌ಶಿಪ್) ರೇಸರ್ ಲೊರೆಂಝೊ ಪ್ಲೇಟ್ ಹಾಕಿಸಿಕೊಂಡು ಎರಡೇ ದಿನದಲ್ಲಿ ರೇಸ್ ಓಡಿಸಿದ್ದು ನಿಮಗೂ ಗೊತ್ತಿರುತ್ತದೆ. ನನಗೆ ಇನ್ನು ಆರು ವಾರಕ್ಕೆ ನೊವೀಸ್ ಕ್ಲಾಸ್ (ಹೊಸಬರ) ರೇಸ್ ಇದೆ. ಪ್ಲೇಟ್ ಹಾಕಿಸಿದರೆ ಓಡಿಸಬಹುದಾ? (ಪ್ರಜ್ಞೆ ತಪ್ಪಿರಲಿಲ್ಲ. ನಾನೇ ಎದ್ದು ನಡೆದು ಆಂಬುಲೆನ್ಸ್ ಹತ್ತಿದೆನಂತೆ. ಆ ಸೆಷನ್‌ಗೆ ಹೊರಟದ್ದು, ಬಿದ್ದದ್ದು ನೆನಪಿಲ್ಲ, ಎಕ್ಸ್-ರೇ ಕೋಣೆಯಿಂದ ನೆನಪಿದೆ. ತಲೆಯ ಸ್ಕ್ಯಾನ್ ಮಾಡಿಸಿಲ್ಲ. ಅದೇ ರಾತ್ರಿ ಗೆಳೆಯನ ಕಾರಿನಲ್ಲಿ ಬೆಂಗಳೂರಿಗೆ ಬಂದೆ. ಈಗ ಲ್ಯಾಪ್‌ಟಾಪ್ ನೋಡಿದರೆ ತಲೆ ನೋಯುತ್ತೆ, ನೋವಿನ ಮಾತ್ರೆಯ ಪ್ರಭಾವ ಇರಬೇಕು. ಬಲ ಮಣಿಕಟ್ಟೂ ಹೆಬ್ಬೆರಳ ಕಡೆ ನೋಯುತ್ತೆ, ಎಕ್ಸ್-ರೇ ನಾರ್ಮಲ್, ಉಳುಕು ಅಂದರು.) ಹೆಲ್ಮೆಟ್‌ಗೆ ಒಂದು ಗೀರು ಬಿಟ್ಟರೆ ಏನೂ ಆಗಿಲ್ಲ, ಮತ್ತೆ ಹಾಕಬಹುದಾ? ಇನ್ಶೂರೆನ್ಸ್‌ಗೆ ರಸ್ತೆಯಲ್ಲಿ ಬಿದ್ದೆ ಅಂತ ಹೇಳು ಅಂತಾರೆ ಗೆಳೆಯರು. ಹೆಂಡತಿ ಬೈಕನ್ನೇ ಮಾರು ಅಂತ ಕೂತಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಎಲ್ಲರಂತೆ ಕಾಲರ್ ಬೋನ್ ಹುಡುಕಿಕೊಂಡು ಓದಿದೆ. ಎರಡನೇ ಸಲ ನೀವು ಆವರಣದೊಳಗೆ ಹಾಕಿದ್ದನ್ನಷ್ಟೇ ಓದಿದೆ. ನಾನು ಮೂಳೆ ಡಾಕ್ಟರ್, ಕೆಲವು ವರ್ಷ ರೇಸ್ ದಿನಗಳಲ್ಲಿ ಟ್ರ್ಯಾಕ್ ಪಕ್ಕದ ಮೆಡಿಕಲ್ ಟೆಂಟ್‌ನಲ್ಲೂ ಕೂತಿದ್ದೇನೆ. ಅಲ್ಲಿ ಕಲಿತ ಒಂದು ವಿಷಯ ಇದೆ. ಮುರಿದ ಕಾಲರ್ ಬೋನ್ ಗಲಾಟೆ ಮಾಡುತ್ತದೆ. ಚರ್ಮದಡಿ ಉಬ್ಬಿ ಕಾಣುತ್ತದೆ, ಮಗ್ಗುಲಾದರೆ ಕಿರುಚಿಸುತ್ತದೆ. ಎಲ್ಲರೂ ಅದನ್ನೇ ನೋಡುತ್ತಾರೆ. ಆ ಗಲಾಟೆಯಲ್ಲಿ ಮೆತ್ತಗೆ ಮಾತಾಡುವ ಪೆಟ್ಟುಗಳು ಯಾರ ಕಿವಿಗೂ ಬೀಳುವುದಿಲ್ಲ. ನಿಮಗೆ ಅಂಥವು ಎರಡು ಇವೆ ಅಂತ ನನ್ನ ಅನುಮಾನ. ಹಾಗಾಗಿ ಉತ್ತರವನ್ನು ಆವರಣದಿಂದಲೇ ಶುರು ಮಾಡುತ್ತೇನೆ.

ಮೊದಲು ತಲೆ. "ಪ್ರಜ್ಞೆ ತಪ್ಪಿರಲಿಲ್ಲ" ಅಂತ ಬರೆದಿದ್ದೀರಿ. ಮರುಸಾಲಿನಲ್ಲೇ "ನೆನಪಿಲ್ಲ" ಅಂತಲೂ ಬರೆದಿದ್ದೀರಿ. ಸೆಷನ್‌ಗೆ ಹೊರಟದ್ದರಿಂದ ಎಕ್ಸ್-ರೇ ಕೋಣೆಯವರೆಗೆ ಕಡಿಮೆ ಅಂದರೂ ಒಂದು ಗಂಟೆ ಇರುತ್ತದೆ. ಆ ಒಂದು ಗಂಟೆ ನೀವು ನಡೆದಿದ್ದೀರಿ, ಮಾತಾಡಿದ್ದೀರಿ, ಬಹುಶಃ ಬೈಕ್ ಎಲ್ಲಿ ಅಂತ ನಾಲ್ಕು ಸಲ ಕೇಳಿದ್ದೀರಿ. ಮೆದುಳು ಅದರಲ್ಲಿ ಏನನ್ನೂ ಬರೆದಿಟ್ಟುಕೊಂಡಿಲ್ಲ. ಇದಕ್ಕೆ ನಾವು ಕನ್ಕಶನ್ ಅನ್ನುತ್ತೇವೆ, ಅಂದರೆ ಪೆಟ್ಟಿನ ಅಲುಗಾಟಕ್ಕೆ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಕೆಡುವುದು. ಕನ್ಕಶನ್ ಆಗಲು ಪ್ರಜ್ಞೆ ತಪ್ಪಲೇಬೇಕು ಅನ್ನುವುದು ದೊಡ್ಡ ತಪ್ಪು ನಂಬಿಕೆ. ಹೆಚ್ಚಿನವರಿಗೆ ತಪ್ಪುವುದೇ ಇಲ್ಲ.

ಮೆಡಿಕಲ್ ಟೆಂಟ್‌ನಲ್ಲಿ ಇಂಥವರನ್ನು ನೋಡಿದ್ದೇನೆ. ಎದ್ದು ಕೂತು, "ನಾನು ಆರಾಮಾಗಿದೀನಿ ಸಾರ್, ಬಿಡಿ" ಅನ್ನುತ್ತಾರೆ. ಇವತ್ತು ಯಾವ ವಾರ ಅಂತ ಕೇಳಿದರೆ ನಗುತ್ತಾರೆ. ಎರಡು ನಿಮಿಷ ಬಿಟ್ಟು, "ನಾನು ಬಿದ್ನಾ?" ಅಂತ ಕೇಳುತ್ತಾರೆ. ಉತ್ತರ ಹೇಳಿದರೆ ತಲೆಯಾಡಿಸಿ, ಇನ್ನೆರಡು ನಿಮಿಷಕ್ಕೆ ಅದೇ ಪ್ರಶ್ನೆ. ನೋಡುವವರಿಗೆ ತಮಾಷೆಯಾಗಿ ಕಾಣುತ್ತದೆ, ಗೆಳೆಯರು ವಿಡಿಯೋ ಕೂಡ ಮಾಡಿಕೊಳ್ಳುತ್ತಾರೆ. ನನಗೆ ಅವತ್ತು ನಗು ಬರುವುದಿಲ್ಲ.

ಒಂದು ಗಂಟೆಯ ನೆನಪು ಹೋಗಿದ್ದರೆ ಅವತ್ತೇ ತಲೆಯ ಸಿಟಿ ಸ್ಕ್ಯಾನ್ ಆಗಬೇಕಿತ್ತು. ಮುನ್ನೂರು ಕಿಲೋಮೀಟರ್ ರಾತ್ರಿ ಪ್ರಯಾಣವಂತೂ ಆಗಬಾರದಿತ್ತು. ಹೆದ್ದಾರಿ ಮಧ್ಯದಲ್ಲಿ ವಾಂತಿ ಶುರುವಾಗಿದ್ದರೆ, ಮಂಪರು ಕವಿದಿದ್ದರೆ, ಗೆಳೆಯನಿಗೆ ಅದು ಸುಸ್ತಿನ ನಿದ್ದೆ ಅನಿಸುತ್ತಿತ್ತು. ಆದದ್ದು ಆಯಿತು. ಒಂಬತ್ತು ದಿನ ಕಳೆದರೂ ಪರದೆ ನೋಡಿದರೆ ತಲೆನೋವು ಅನ್ನುತ್ತಿದ್ದೀರಿ. ಅದನ್ನು ಮಾತ್ರೆಯ ತಲೆಗೆ ಕಟ್ಟಬೇಡಿ. ಬೆಳಕು, ಪರದೆ, ಗದ್ದಲ ತಡೆಯಲಾಗದಿರುವುದು, ನಿದ್ದೆ ಏರುಪೇರಾಗುವುದು, ಸುಮ್ನೆ ಸುಮ್ನೆ ಸಿಡುಕುವುದು, ಓದಿದ ಸಾಲನ್ನೇ ಮತ್ತೆ ಓದಬೇಕಾಗುವುದು ಕನ್ಕಶನ್‌ನ ಮಾಮೂಲು ಲಕ್ಷಣಗಳು. ನಾಳೆಯೇ ಒಬ್ಬ ನರರೋಗ ತಜ್ಞರನ್ನು ಕಾಣಿ, ಈ ಒಂದು ಗಂಟೆಯ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿ. ಸ್ಕ್ಯಾನ್ ಬೇಕಾ ಅಂತ ಅವರು ನಿರ್ಧರಿಸುತ್ತಾರೆ, ನನಗೆ ಕೇಳಿದರೆ ಮಾಡಿಸಿ ಅನ್ನುತ್ತೇನೆ. ಮೆದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಸೇರಿಕೊಳ್ಳುವುದು ವಾರಗಳ ನಂತರ ಬೆಳಕಿಗೆ ಬರುವುದೂ ಉಂಟು. ನಾಳೆಯವರೆಗೂ ಕಾಯಬಾರದ ಕೆಲವು ಇವೆ: ತಲೆನೋವು ಏರುತ್ತಲೇ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು. ಇವುಗಳಲ್ಲಿ ಯಾವುದು ಕಂಡರೂ ಆ ಹೊತ್ತಿಗೇ ಎಮರ್ಜೆನ್ಸಿಗೆ ಹೋಗಿ.

ಸ್ಕ್ಯಾನ್ ನಾರ್ಮಲ್ ಬಂದರೆ ಕನ್ಕಶನ್ ಇಲ್ಲ ಅಂತ ಅರ್ಥವಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದು ರಕ್ತಸ್ರಾವ ಮತ್ತು ಬುರುಡೆ ಬಿರುಕು. ಹಾರ್ಡ್‌ವೇರ್ ಸರಿಯಿದ್ದೂ ಸಿಸ್ಟಮ್ ಹ್ಯಾಂಗ್ ಆಗುತ್ತದಲ್ಲ, ನಿಮಗೆ ಈ ಹೋಲಿಕೆ ಬೇಗ ಹತ್ತಬಹುದು. ವಾಸಿಯಾಗುವ ದಾರಿ ಸರಳ, ಆದರೆ ಬೋರು. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿ ಅನ್ನುವ ಹಳೇ ಸಲಹೆಯನ್ನು ಈಗ ಯಾರೂ ಕೊಡುವುದಿಲ್ಲ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಸ್ವಲ್ಪ ಉಸಿರು ಏರುವಷ್ಟು ವ್ಯಾಯಾಮ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಲಕ್ಷಣ ಜಾಸ್ತಿಯಾದರೆ ಒಂದು ಮೆಟ್ಟಿಲು ಕೆಳಗೆ. ಕಚೇರಿ ಕೆಲಸಕ್ಕೂ ಇದೇ ಲೆಕ್ಕ. ಬೈಕ್ ಮಾತ್ರ ಎಲ್ಲಕ್ಕಿಂತ ಕೊನೆಯ ಮೆಟ್ಟಿಲು. ಲಕ್ಷಣ ಪೂರ್ತಿ ಹೋಗಿ, ಡಾಕ್ಟರ್ ಒಪ್ಪಿದ ಮೇಲೆಯೇ. ಹೀಗೆ ಕಟ್ಟುನಿಟ್ಟು ಮಾಡಲು ಕಾರಣ ಇದೆ. ಕನ್ಕಶನ್ ಆದ ತಲೆ ಪ್ರತಿಕ್ರಿಯೆ ಕೊಡುವುದು ಒಂದು ಕ್ಷಣ ತಡ. ರಸ್ತೆಯಲ್ಲೇ ಅದು ಅಪಾಯ, ಟ್ರ್ಯಾಕ್‌ನಲ್ಲಿ ಇನ್ನೊಮ್ಮೆ ಬೀಳಿಸಲು ಅಷ್ಟೇ ಸಾಕು. ವಾಸಿಯಾಗದ ಮೆದುಳಿನ ಮೇಲೆ ಬೀಳುವ ಎರಡನೇ ಪೆಟ್ಟು ಮೊದಲನೆಯದರಷ್ಟು ಸಾಧು ಅಲ್ಲ.

ಇನ್ನು ಮಣಿಕಟ್ಟು. ಬಲ ಹೆಬ್ಬೆರಳನ್ನು ಮೇಲೆತ್ತಿ ಹಿಡಿಯಿರಿ. ಬುಡದಲ್ಲಿ ಎರಡು ಹುರಿಗಳ ನಡುವೆ ಒಂದು ಗುಳಿ ಬೀಳುತ್ತದೆ. ಹಿಂದಿನವರು ನಶ್ಯ ಇಟ್ಟುಕೊಂಡು ಸೇದುತ್ತಿದ್ದ ಗುಳಿ ಅದೇ. ಅಲ್ಲಿ ಎಡಗೈ ಬೆರಳಿಂದ ಒತ್ತಿ. ನೋವಾದರೆ "ಉಳುಕು" ಅನ್ನುವ ಮಾತನ್ನು ಸದ್ಯಕ್ಕೆ ಮರೆತುಬಿಡಿ. ಆ ಗುಳಿಯ ತಳದಲ್ಲಿ ಗೋಡಂಬಿಯಷ್ಟು ದೊಡ್ಡ ಒಂದು ಮೂಳೆ ಇದೆ, ಸ್ಕೇಫಾಯ್ಡ್ ಅಂತ. ಅದು ಬಿರುಕು ಬಿಟ್ಟರೆ ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣದೇ ಹೋಗುವುದು ತೀರಾ ಸಾಮಾನ್ಯ. ನಿಮ್ಮನ್ನು ನೋಡಿದವರು ತಪ್ಪು ಮಾಡಿದರು ಅಂತ ಹೇಳುತ್ತಿಲ್ಲ, ಅವತ್ತಿನ ಫಿಲ್ಮ್ ನಿಜವಾಗಿಯೂ ಚೆನ್ನಾಗಿಯೇ ಇದ್ದಿರಬಹುದು. ಹತ್ತರಿಂದ ಹದಿನಾಲ್ಕನೇ ದಿನಕ್ಕೆ ಮತ್ತೊಂದು ಎಕ್ಸ್-ರೇ ತೆಗೆಯಬೇಕು, ಅಥವಾ ಈಗಲೇ ಎಂಆರ್‌ಐ ಮಾಡಿಸಬೇಕು. ನಿಮಗೆ ಒಂಬತ್ತು ದಿನ ಆಗಿದೆ, ಸರಿಯಾದ ಹೊತ್ತಿಗೇ ಕೇಳಿದ್ದೀರಿ. ಅಲ್ಲಿಯವರೆಗೆ ಮಣಿಕಟ್ಟು ಅಲುಗದಂತೆ ಹಿಡಿಯುವ, ಹೆಬ್ಬೆರಳೂ ಸೇರುವಂಥ ಸ್ಪ್ಲಿಂಟ್ ಹಾಕಿಕೊಳ್ಳಿ.

ಒಂದು ಗೋಡಂಬಿಗೆ ಇಷ್ಟು ಮಾತೇಕೆ ಅಂದರೆ, ಆ ಮೂಳೆಗೆ ರಕ್ತ ಬರುವುದು ಬೆರಳ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಕಡಿಮೆ ಬೀಳುತ್ತದೆ. ಗಮನಿಸದೆ ಬಿಟ್ಟರೆ ಕೂಡುವುದಿಲ್ಲ, ಆ ತುಂಡು ಸಾಯಲೂಬಹುದು, ಕೆಲವು ವರ್ಷಕ್ಕೆ ಮಣಿಕಟ್ಟು ಸವೆಯುತ್ತದೆ. ಅದೂ ಬಲಗೈ. ಆಕ್ಸಿಲರೇಟರ್ ತಿರುಗಿಸುವುದು, ಮುಂದಿನ ಬ್ರೇಕ್ ಹಿಡಿಯುವುದು ಎರಡೂ ಅದರಿಂದಲೇ ಅಲ್ವಾ? ಕಾಲರ್ ಬೋನ್‌ನಿಂದ ರೇಸಿಂಗ್ ಬಿಟ್ಟವರನ್ನು ನಾನು ನೋಡಿಲ್ಲ. ಉಳುಕು ಅಂತ ಬಿಟ್ಟ ಮಣಿಕಟ್ಟಿನಿಂದ ಬಿಟ್ಟವರನ್ನು ನೋಡಿದ್ದೇನೆ.

ಈಗ ನೀವು ನಿಜವಾಗಿ ಕೇಳಿದ್ದಕ್ಕೆ ಬರೋಣ.

ಕೈಯನ್ನು ಎದೆಗೂಡಿಗೆ ಮೂಳೆಯ ಮೂಲಕ ಜೋಡಿಸುವುದು ಕಾಲರ್ ಬೋನ್ ಒಂದೇ. ಉಳಿದದ್ದೆಲ್ಲ ಮಾಂಸಖಂಡದ ಕಟ್ಟು. ಬೀಳುವಾಗ ಕೈ ಊರಿದ್ದರಿಂದ ಅದು ಮುರಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹುಪಾಲು ಸಲ ಹಾಗಲ್ಲ, ಭುಜ ನೇರವಾಗಿ ನೆಲಕ್ಕೆ ಬಡಿದು ಮುರಿಯುತ್ತದೆ. ಹಾಗಾಗಿ "ಕೈ ಊರದಿದ್ದರೆ ಬಚಾವಾಗುತ್ತಿದ್ದೆ" ಅಂತ ಕೊರಗಬೇಡಿ. ನಿಮ್ಮ ಮಣಿಕಟ್ಟಿನ ಮಟ್ಟಿಗೆ ಮಾತ್ರ ಆ ಕೊರಗಿಗೆ ಅರ್ಥ ಇದೆ.

ಸ್ಲಿಂಗ್ ಅಥವಾ ಪ್ಲೇಟ್ ಅನ್ನುವ ಜಗಳ ನಮ್ಮ ಡಾಕ್ಟರ್‌ಗಳ ಮಧ್ಯೆಯೇ ಮುಗಿದಿಲ್ಲ. ನಿಮಗೆ ಇಬ್ಬರು ಎರಡು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ, ಇಬ್ಬರೂ ಸರಿಯೇ. ತುಂಡುಗಳು ಹೆಚ್ಚು ಸರಿಯದಿದ್ದರೆ ಸ್ಲಿಂಗ್ ಸಾಕು, ಅದರಲ್ಲಿ ವಾದವಿಲ್ಲ. ಚರ್ಮ ಹರಿದು ಮೂಳೆ ಹೊರಬಂದಿದ್ದರೆ, ಚರ್ಮವನ್ನು ಡೇರೆಯಂತೆ ಎತ್ತಿದ್ದರೆ, ಕೈಗೆ ಹೋಗುವ ರಕ್ತನಾಳಕ್ಕೆ ಅಥವಾ ನರಕ್ಕೆ ಏಟಾಗಿದ್ದರೆ ಆಪರೇಷನ್, ಅಲ್ಲೂ ವಾದವಿಲ್ಲ. ಎರಡು ಸೆಂ.ಮೀ.ಗಿಂತ ಜಾಸ್ತಿ ಗಿಡ್ಡವಾಗಿದ್ದರೆ ಹಲವರು ಪ್ಲೇಟ್ ಕಡೆ ವಾಲುತ್ತಾರೆ. ನಿಮ್ಮ ಒಂದೂವರೆ ಸರಿಯಾಗಿ ಬೇಲಿಯ ಮೇಲೆ ಕೂತಿದೆ.

ಒಂದು ಲೆಕ್ಕ ಹೇಳುತ್ತೇನೆ. 2007ರಲ್ಲಿ ಕೆನಡಾದ ಮೂಳೆ ತಜ್ಞರು ಮಧ್ಯದಲ್ಲಿ ಮುರಿದು ಪೂರ್ತಿ ಸರಿದಿದ್ದ ಕಾಲರ್ ಬೋನ್‌ಗಳನ್ನು ಎರಡು ಗುಂಪು ಮಾಡಿ ನೋಡಿದರು. ಸ್ಲಿಂಗ್ ಹಾಕಿಕೊಂಡ 49 ಜನರಲ್ಲಿ 7 ಮಂದಿಗೆ ಮೂಳೆ ಕೂಡಲಿಲ್ಲ. ಪ್ಲೇಟ್ ಹಾಕಿಸಿಕೊಂಡ 62 ಜನರಲ್ಲಿ 2 ಮಂದಿಗೆ ಕೂಡಲಿಲ್ಲ. ಪ್ಲೇಟ್ ಗೆದ್ದಿತು ಅಂತ ಕಾಣುತ್ತದೆ. ತಿರುಗಿಸಿ ನೋಡಿ, ಸ್ಲಿಂಗ್ ಹಾಕಿದವರಲ್ಲಿ 42 ಮಂದಿಗೆ ಕತ್ತಿಯೇ ತಾಕದೆ ಕೂಡಿತು. ಪ್ಲೇಟ್‌ಗೆ ಅದರದೇ ಬೆಲೆ ಇದೆ. ಸೋಂಕು ಆಗಬಹುದು. ಹೊಲಿಗೆಯ ಕೆಳಗೆ ಎದೆಯ ಚರ್ಮ ಮರಗಟ್ಟಬಹುದು, ಕೆಲವರಿಗೆ ಅದು ಶಾಶ್ವತ. ಮೂಳೆಯ ಮೇಲೆ ಮಾಂಸ ಕಡಿಮೆ ಇರುವುದರಿಂದ ಪ್ಲೇಟ್ ಕೈಗೆ ಸಿಗುತ್ತದೆ, ಬ್ಯಾಗಿನ ಪಟ್ಟಿ ಒತ್ತುತ್ತದೆ, ತೆಗೆಸಲು ಮತ್ತೊಂದು ಆಪರೇಷನ್ ಬೇಕಾಗಬಹುದು. ತೆಗೆಸಿದ ಮೇಲೆ ಕೆಲವು ತಿಂಗಳು ಮೂಳೆ ಸ್ವಲ್ಪ ಬಡವಾಗಿಯೇ ಇರುತ್ತದೆ.

ಸ್ಲಿಂಗ್‌ನ ಬೆಲೆಯೂ ಹೇಳಿಬಿಡುತ್ತೇನೆ. ಮೊದಲ ಕೆಲವು ವಾರ ಪ್ಲೇಟ್ ಹಾಕಿಸಿದವರಿಗಿಂತ ಜಾಸ್ತಿ ನೋವು ಇರಬಹುದು. ಉಬ್ಬು ಉಳಿಯುತ್ತದೆ, ಭುಜ ಕೊಂಚ ಮುಂದೆ ಬಾಗಬಹುದು. ಮೂಳೆ ಕೂಡದೆ ಹೋದರೆ ಆಮೇಲೆ ಮಾಡುವ ಆಪರೇಷನ್ ಮೊದಲೇ ಮಾಡುವುದಕ್ಕಿಂತ ತ್ರಾಸದ್ದು. ಸಿಗರೇಟ್ ಸೇದುವವರಿಗೆ ಈ ಅಪಾಯ ಹೆಚ್ಚು. ಸೇದುತ್ತೀರಾ ಅಂತ ನೀವು ಬರೆದಿಲ್ಲ. ಸೇದುವವರಾದರೆ ನನ್ನ ಮಾತಿಗಲ್ಲ, ಮೂಳೆಯ ಮುಲಾಜಿಗಾದರೂ ಮೂರು ತಿಂಗಳು ಬಿಡಿ.

ಮೂರನೇ ದಾರಿಯೂ ಇದೆ, ಅದನ್ನು ಯಾಕೋ ನಿಮಗೆ ಯಾರೂ ಹೇಳಿದಂತಿಲ್ಲ. ಇನ್ನೊಂದು ವಾರ ಸ್ಲಿಂಗ್‌ನಲ್ಲೇ ಇದ್ದು ಮತ್ತೆ ಎಕ್ಸ್-ರೇ ತೆಗೆಸುವುದು. ತುಂಡು ಇನ್ನೂ ಸರಿದಿದ್ದರೆ ಆಗ ಪ್ಲೇಟ್. ಮೂರು ವಾರದೊಳಗೆ ಮಾಡಿದರೆ ಆಪರೇಷನ್ ಏನೂ ಕಷ್ಟವಾಗುವುದಿಲ್ಲ. ನಿಮ್ಮ ಜಾಗದಲ್ಲಿ ನನ್ನ ತಮ್ಮ ಇದ್ದಿದ್ದರೆ ಇದನ್ನೇ ಮಾಡಿಸುತ್ತಿದ್ದೆ. ಇನ್ನೊಂದು ಕಾರಣವೂ ಇದೆ. ನಿಮ್ಮ ತಲೆಯ ವಿಷಯ ಇತ್ಯರ್ಥ ಆಗದೆ, ತುರ್ತಿಲ್ಲದ ಒಂದು ಆಪರೇಷನ್‌ಗೆ ಅನಸ್ತೇಷಿಯಾ ಕೊಡುವುದು ನನಗೆ ಇಷ್ಟವಿಲ್ಲ.

ಮತ್ತೆ ಆರು ವಾರದ ರೇಸ್? ಮೇಲೆ ಹೇಳಿದ ಕೆನಡಾದ ಅಧ್ಯಯನದಲ್ಲಿ ಪ್ಲೇಟ್ ಹಾಕಿಸಿಕೊಂಡವರಿಗೂ ಎಕ್ಸ್-ರೇಯಲ್ಲಿ ಮೂಳೆ ಕೂಡಿದ್ದು ಕಾಣಲು ಸರಾಸರಿ 16 ವಾರ ಹಿಡಿಯಿತು. ಸ್ಲಿಂಗ್‌ನವರಿಗೆ 28 ವಾರ. ಕೈ ಎತ್ತಲು, ಕಾರು ಓಡಿಸಲು ಅಷ್ಟು ಕಾಯಬೇಕಿಲ್ಲ, ಎರಡು ಮೂರು ತಿಂಗಳಲ್ಲಿ ಹೆಚ್ಚಿನವರು ಮಾಮೂಲು ಕೆಲಸಕ್ಕೆ ಮರಳುತ್ತಾರೆ. ಆದರೆ ಟ್ರ್ಯಾಕ್‌ನಲ್ಲಿ ಬ್ರೇಕ್ ಹಿಡಿದಾಗ ನಿಮ್ಮ ಮೈಭಾರ ಮಣಿಕಟ್ಟಿನಿಂದ ಭುಜಕ್ಕೆ, ಭುಜದಿಂದ ಕಾಲರ್ ಬೋನ್‌ಗೆ ಹೋಗುತ್ತದೆ. ಪ್ಲೇಟ್ ಮೂಳೆಯನ್ನು ಹಿಡಿದಿಡುತ್ತದೆ ಅಷ್ಟೇ, ಕೂಡಿಸುವುದಿಲ್ಲ. ಕೂಡುವ ಕೆಲಸ ಮೂಳೆಯದು, ಅದು ರೇಸ್ ಕ್ಯಾಲೆಂಡರ್ ನೋಡುವುದಿಲ್ಲ.

ಲೊರೆಂಝೊ ಕಥೆ ನನಗೂ ಗೊತ್ತು, ಅವತ್ತು ಟಿವಿ ಮುಂದೆ ನಾನೂ ಬಾಯಿ ಬಿಟ್ಟುಕೊಂಡು ಕೂತಿದ್ದೆ. 2013ರ ಜೂನ್‌ನಲ್ಲಿ, ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ. ಗುರುವಾರ ಮಳೆಯಲ್ಲಿ ಪ್ರಾಕ್ಟೀಸ್ ಮಾಡುವಾಗಲೇ ಬಿದ್ದು ಎಡ ಕಾಲರ್ ಬೋನ್ ಮುರಿದುಕೊಂಡರು. ವಿಮಾನದಲ್ಲಿ ಬಾರ್ಸಿಲೋನಾಗೆ ಹೋಗಿ ಪ್ಲೇಟ್ ಹಾಕಿಸಿಕೊಂಡು ವಾಪಸ್ ಬಂದು ಶನಿವಾರದ ರೇಸ್‌ನಲ್ಲಿ ಐದನೆಯವರಾದರು. ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಎರಡು ವಾರ ಕಳೆದು ಜರ್ಮನಿಯ ಸಾಕ್ಸನ್‌ರಿಂಗ್‌ನಲ್ಲಿ, ಮತ್ತೆ ಪ್ರಾಕ್ಟೀಸ್‌ನಲ್ಲೇ, ಅದೇ ಭುಜದ ಮೇಲೆ ಬಿದ್ದರು. ಪ್ಲೇಟ್ ಬಾಗಿತು. ಮತ್ತೆ ಆಪರೇಷನ್, ಆ ರೇಸ್ ಇಲ್ಲ. ಆ ವರ್ಷದ ಚಾಂಪಿಯನ್‌ಶಿಪ್ ಅವರ ಕೈತಪ್ಪಿದ್ದು 4 ಪಾಯಿಂಟ್‌ನಲ್ಲಿ. ಗೆದ್ದದ್ದು ಮಾರ್ಕ್ ಮಾರ್ಕೆಝ್. ಆ ಮಾರ್ಕೆಝ್ ಕಥೆ ಇನ್ನೂ ಕಹಿ. 2020ರ ಜುಲೈ 19ರಂದು ಸ್ಪೇನ್‌ನ ಹೆರೆಸ್‌ನಲ್ಲಿ ಬಲ ತೋಳಿನ ಮೂಳೆ ಮುರಿಯಿತು. 21ಕ್ಕೆ ಪ್ಲೇಟ್, 25ಕ್ಕೆ ಮತ್ತೆ ಬೈಕ್ ಮೇಲೆ. ಅವತ್ತೇ ಕೈಲಾಗದೆ ಇಳಿದರು. ಕೆಲವೇ ದಿನದಲ್ಲಿ ಪ್ಲೇಟ್ ಮುರಿದು ಎರಡನೇ ಆಪರೇಷನ್, ಡಿಸೆಂಬರ್‌ನಲ್ಲಿ ಮೂರನೆಯದು, 2022ರಲ್ಲಿ ನಾಲ್ಕನೆಯದು. ಆರೇ ದಿನದಲ್ಲಿ ಮರಳಲು ಹೋಗಿ ಎರಡು ವರ್ಷ ಕೊಟ್ಟರು. ಅವರ ಸುತ್ತ ಡಾಕ್ಟರ್‌ಗಳು, ಫಿಸಿಯೋಗಳು, ಸಂಬಳ ಎಲ್ಲ ಇತ್ತು. ನಿಮಗೆ ಸೋಮವಾರ ಬೆಳಗ್ಗೆ ಮೀಟಿಂಗ್ ಇದೆ.

ಅಮ್ಮನ ಪುತ್ತೂರು ಕಟ್ಟಿನ ವಿಷಯ. ನಾನು ಇದಕ್ಕೆ ಮುಖ ಸಿಂಡರಿಸುವ ಡಾಕ್ಟರ್ ಅಲ್ಲ, ನಮ್ಮ ಮನೆಯಲ್ಲೂ ಕಟ್ಟು ಹಾಕಿಸಿಕೊಂಡವರಿದ್ದಾರೆ. ಕಾಲರ್ ಬೋನ್‌ನ ಗುಣ ಏನೆಂದರೆ, ಕಟ್ಟು ಹಾಕಿದರೂ ಹಾಕದಿದ್ದರೂ ಹೆಚ್ಚಿನ ಸಲ ಅದು ಕೂಡಿಕೊಳ್ಳುತ್ತದೆ. ಕಟ್ಟಿದವರಿಗೆ ಹೆಸರು ಬರುತ್ತದೆ. ಸ್ಲಿಂಗ್ ಕೊಟ್ಟ ನಮಗೂ ಬರುವುದು ಹಾಗೆಯೇ ಅನ್ನಿ. ಆದರೆ ನಿಮ್ಮ ಮಣಿಕಟ್ಟು ಸ್ಕೇಫಾಯ್ಡ್ ಆಗಿದ್ದರೆ ಎಣ್ಣೆ ಹಚ್ಚಿ ತಿಕ್ಕುವುದು, ಎಳೆಯುವುದು ನೇರ ಹಾನಿ. ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದ ಕೈ ಊದಿಕೊಂಡು ರಕ್ತ ಓಡಾಟ ನಿಂತ ಪ್ರಕರಣಗಳನ್ನು ರಾತ್ರಿ ಹೊತ್ತು ನಾನೇ ಬಿಚ್ಚಿದ್ದೇನೆ. ಅಮ್ಮನಿಗೆ ಬೇಡ ಅಂತ ಜಗಳ ಮಾಡುವುದಕ್ಕಿಂತ ಅಡುಗೆಮನೆ ಅವರಿಗೆ ಬಿಟ್ಟುಕೊಡಿ. ಕಾಲು ಸೂಪು ಮೂಳೆ ಅಂಟಿಸುವುದಿಲ್ಲ, ಆದರೆ ರಾಗಿ, ಮೊಟ್ಟೆ, ಬೇಳೆ ಚೆನ್ನಾಗಿ ತಿಂದರೆ ಮೂಳೆಗೆ ಬೇಕಾದದ್ದು ಸಿಗುತ್ತದೆ. ದಿನವಿಡೀ ಕಚೇರಿಯೊಳಗೆ ಕೂರುವವರು ನೀವು, ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಬಿದ್ದದ್ದು ಯಾಕೆ ಅನ್ನುವುದು. "ದಿನವಿಡೀ ಬ್ರೇಕ್ ಹಿಡಿದ ಜಾಗದಲ್ಲೇ ಹಿಡಿದಿದ್ದೆ" ಅಂದಿದ್ದೀರಿ. ನಿಮಗೆ ಹೇಗೆ ಗೊತ್ತು? ಆ ಸೆಷನ್‌ಗೆ ಹೊರಟದ್ದೇ ನೆನಪಿಲ್ಲ ಅಂದಿದ್ದೀರಲ್ಲ. ಸುಳ್ಳು ಹೇಳುತ್ತಿದ್ದೀರಿ ಅಂತಲ್ಲ. ನೆನಪಿನಲ್ಲಿ ತೂತು ಬಿದ್ದರೆ ಮೆದುಳು ಬೇರೆ ಸೆಷನ್‌ನ ಬಟ್ಟೆ ಹರಿದು ತೇಪೆ ಹಾಕುತ್ತದೆ, ಅದು ನಮಗೆ ಗೊತ್ತೂ ಆಗುವುದಿಲ್ಲ. ಹಿಂದೆ ಬರುತ್ತಿದ್ದವರ ಬೈಕಿನಲ್ಲಿ ಕ್ಯಾಮೆರಾ ಇತ್ತಾ ಕೇಳಿ. ನಿಮ್ಮ ಲ್ಯಾಪ್ ಟೈಮ್‌ಗಳನ್ನು ತೆಗೆದು ನೋಡಿ.

ಟೈರ್ ತಾನಾಗಿ ಕೈಕೊಡುವುದು ಅಪರೂಪ. ಟೈರ್‌ನ ಹಿಡಿತವನ್ನು ತಿಂಗಳ ಸಂಬಳ ಅಂದುಕೊಳ್ಳಿ. ಬ್ರೇಕಿಗೆ ಖರ್ಚು ಮಾಡಿ ಉಳಿದದ್ದಷ್ಟೇ ತಿರುವಿಗೆ. ಬ್ರೇಕ್ ಇನ್ನೂ ಬಿಗಿ ಹಿಡಿದಿರುವಾಗಲೇ ಬೈಕ್ ವಾಲಿಸುತ್ತಾ ಹೋದರೆ ಒಂದು ಗಳಿಗೆಯಲ್ಲಿ ಖಾತೆ ಖಾಲಿ, ಮುಂದಿನ ಚಕ್ರ ಸದ್ದಿಲ್ಲದೆ ಮಡಚಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ಹಾಕಿಸಿದ ಗಾಳಿಯನ್ನು ಮಧ್ಯಾಹ್ನ ಮತ್ತೆ ನೋಡಿದಿರಾ? ಬಿಸಿಗೆ ಒತ್ತಡ ಏರುತ್ತದೆ, ನೆಲಕ್ಕೆ ತಾಕುವ ಭಾಗ ಕಡಿಮೆಯಾಗುತ್ತದೆ. ಇವೆಲ್ಲಕ್ಕಿಂತ ನನಗೆ ಅನುಮಾನ ಇರುವುದು ಗಡಿಯಾರದ ಮೇಲೆ. ಚೆನ್ನೈ ಸೆಕೆ, ಮೈತುಂಬ ಚರ್ಮದ ಸೂಟ್, ಬೆಳಗ್ಗೆ ಬೇಗ ಎದ್ದದ್ದು, ಮಧ್ಯಾಹ್ನ ಬಿರಿಯಾನಿ, ಸಾಕಷ್ಟು ಕುಡಿಯದ ನೀರು. ಟೆಂಟ್‌ಗೆ ನನ್ನ ಬಳಿ ಬಂದವರಲ್ಲಿ ಎಷ್ಟೋ ಮಂದಿ ಹೇಳಿದ್ದು ಒಂದೇ ಮಾತು: "ಕೊನೇ ಸೆಷನ್ ಸಾರ್, ದುಡ್ಡು ಕೊಟ್ಟಾಗಿತ್ತಲ್ಲ." ಮೈ ಸೋತಾಗ ಬ್ರೇಕ್ ಬಿಡುವ ಬೆರಳು ನಿಧಾನ ಆಗುತ್ತದೆ. ಕಣ್ಣು ತಿರುವಿನ ಆಚೆ ನೋಡುವ ಬದಲು ಮುಂದಿನ ಬೈಕಿನ ಹಿಂಚಕ್ರ ನೋಡುತ್ತದೆ. ನಾನು ಕೋಚ್ ಅಲ್ಲ, ಇದರ ತೀರ್ಪು ನಿಮ್ಮ ಕೋಚ್ ಹೇಳಲಿ. ಆದರೆ ಕೊನೇ ಸೆಷನ್ ಬಿಟ್ಟು ಮನೆಗೆ ಬಂದವರನ್ನು ನಾನು ಎಂದೂ ಟೆಂಟ್‌ನಲ್ಲಿ ನೋಡಿಲ್ಲ.

ಹೆಲ್ಮೆಟ್ ಬಿಸಾಕಿ. ಒಳಗಿನ ಥರ್ಮೋಕೋಲ್‌ನಂಥ ಪದರ ಒಂದೇ ಸಲಕ್ಕೆ ಇರುವುದು. ತಾನು ಜಜ್ಜಿಹೋಗಿ ಏಟನ್ನು ನುಂಗುತ್ತದೆ, ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರು ಮಾತ್ರ ಕಂಡರೂ ಒಳಗೆ ಏನಾಗಿದೆ ಅಂತ ನಿಮ್ಮ ಆ ಕಳೆದುಹೋದ ಒಂದು ಗಂಟೆಯೇ ಹೇಳುತ್ತಿದೆ. ಬಿಸಾಕುವ ಮೊದಲು ಪಟ್ಟಿ ಕತ್ತರಿಸಿ, ಇಲ್ಲದಿದ್ದರೆ ಯಾರೋ ಹಾಕಿಕೊಳ್ಳುತ್ತಾರೆ. ಮುಂದೆ ದುಡ್ಡು ಕೂಡಿದಾಗ ಏರ್‌ಬ್ಯಾಗ್ ಇರುವ ಜಾಕೆಟ್ ಅಥವಾ ವೆಸ್ಟ್ ನೋಡಿ. ಮೋಟೋಜಿಪಿಯಲ್ಲಿ 2018ರಿಂದ ಅದು ಕಡ್ಡಾಯ, ಭುಜ ಮತ್ತು ಕಾಲರ್ ಬೋನ್ ಕಾಯುವುದರಲ್ಲಿ ಅದಕ್ಕೆ ಸಮ ಇಲ್ಲ. ಎಕ್ಸಾಸ್ಟ್ ಬದಲಿಸುವ ದುಡ್ಡನ್ನು ಇದಕ್ಕೆ ಎತ್ತಿಡಿ.

ಇನ್ಶೂರೆನ್ಸ್‌ಗೆ ಸುಳ್ಳು ಹೇಳಬೇಡಿ. ರಸ್ತೆ ಅಪಘಾತ ಅಂದ ಕೂಡಲೇ ಆಸ್ಪತ್ರೆ ಅದನ್ನು ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಯಾವ ರಸ್ತೆ, ಎಷ್ಟು ಹೊತ್ತಿಗೆ ಅಂತ ಕೇಳಿದಾಗ ಏನು ಹೇಳುತ್ತೀರಿ? ನೀವು ಅವತ್ತು ತೋರಿಸಿದ ಮೊದಲ ಆಸ್ಪತ್ರೆಯ ಚೀಟಿಯಲ್ಲಿ ಟ್ರ್ಯಾಕ್ ಅಂತ ಬರೆದಿರುವ ಸಾಧ್ಯತೆಯೇ ಹೆಚ್ಚು. ಅದಕ್ಕಿಂತ ಪಾಲಿಸಿಯನ್ನೇ ಓದಿ. ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿ ಅಪಾಯಕಾರಿ ಕ್ರೀಡೆಯ ಬಗ್ಗೆ ಒಂದು ಪ್ರಮಾಣಿತ ಷರತ್ತು ಇರುತ್ತದೆ, ಸಂಖ್ಯೆ 09. ಮೋಟಾರ್ ರೇಸಿಂಗ್ ಅದರ ಪಟ್ಟಿಯಲ್ಲಿದೆ, ನಿಜ. ಆದರೆ ಅದು ಹೊರಗಿಡುವುದು ವೃತ್ತಿಪರರಾಗಿ ಭಾಗವಹಿಸಿದವರನ್ನು. ನೀವು ದುಡ್ಡು ಕೊಟ್ಟು ಕಲಿಯಲು ಹೋದವರು. ಆ ಒಂದು ಪದದ ಮೇಲೆ ವಾದ ಮಾಡಲು ನಿಮಗೆ ಜಾಗ ಇದೆ. ಸುಳ್ಳು ಹೇಳಿದರೆ ಆ ಜಾಗವೂ ಹೋಗುತ್ತದೆ. ಬೈಕಿನ ವಿಮೆ ಮಾತ್ರ ಟ್ರ್ಯಾಕ್ ಹಾನಿಗೆ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಉಳಿದದ್ದು ನಿಮ್ಮ ಹೆಂಡತಿಯ ಪ್ರಶ್ನೆ. ಅವರ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈನಲ್ಲಿ ರೇಸ್ ನಡೆಯುವಾಗ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ತಲೆಗೆ ಪೆಟ್ಟಾಗಿ ತೀರಿಕೊಂಡ. ಆ ಸುದ್ದಿ ನಮ್ಮೂರಿನ ಎಲ್ಲ ಮನೆಗಳಿಗೂ ತಲುಪಿದೆ. ಬೈಕ್ ಮಾರುವುದು ಬಿಡುವುದು ನಿಮ್ಮಿಬ್ಬರ ಮಾತು, ಮೂಳೆ ಡಾಕ್ಟರ್ ಮೂಗು ತೂರಿಸುವುದಿಲ್ಲ. ಆ ಮಾತನ್ನು ತಲೆನೋವು ಇರುವಾಗ ಮಾತ್ರ ಆಡಬೇಡಿ, ಇಬ್ಬರಲ್ಲಿ ಒಬ್ಬರು ಸಿಡುಕುತ್ತೀರಿ. ಅವರಿಗೆ ಈಗ ಹೇಳಬೇಕಾದದ್ದು ಒಂದೇ. ನಾಳೆ ನರರೋಗ ತಜ್ಞರ ಬಳಿ ಬಾ ಅಂತ ಕರೆಯಿರಿ. ಕನ್ಕಶನ್ ಆದವರು ತಮ್ಮ ಲಕ್ಷಣಗಳನ್ನು ಅರ್ಧವೇ ಹೇಳುತ್ತಾರೆ, ಬೇಕಂತಲೇ ಅಲ್ಲ, ಅವರಿಗೇ ಗೊತ್ತಿರುವುದಿಲ್ಲ. ಈ ಒಂಬತ್ತು ದಿನ ರಾತ್ರಿ ನೀವು ಹೇಗೆ ಮಲಗಿದಿರಿ, ಎಷ್ಟು ಸಲ ಒಂದೇ ವಿಷಯ ಕೇಳಿದಿರಿ, ಯಾವಾಗ ಸುಮ್ನೆ ರೇಗಿದಿರಿ ಅನ್ನುವುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಡಾಕ್ಟರ್ ಎದುರು ಅವರು ಮಾತಾಡುವಾಗ ನೀವು ನಡುವೆ ಬಾಯಿ ಹಾಕಬೇಡಿ.